ಶಿಕಾರಿಯ ಊರು, ಹಕ್ಕಿಗಳ ಕೆರೆ

‘ಸಫಾರಿ’ ಎಂಬುದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯ ಶಬ್ದ. ಅರಬ್ಬೀ ಮೂಲದ ಈ ಮಾತಿಗೆ ಪ್ರಯಾಣವೆಂದಷ್ಟೇ ಅರ್ಥ. ಬಿಳಿಯ ದೊರೆಗಳು ಕೋವಿ ಹಿಡಿದು ಅಲ್ಲಿಯ ಹುಲ್ಲುಗಾವಲುಗಳಿಗೆ ಇಳಿದ ಮೇಲೆ ಅದಕ್ಕೆ ಬೇಟೆಯ ಅರ್ಥವೂ ಅಂಟಿಕೊಂಡಿತು. ಕೆನ್ಯ ದೇಶ 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ಶಬ್ದ ಮಾತ್ರ ಉಳಿಯಿತು. ಬೇಟೆಯ ಹೆಸರನ್ನು ಹೊತ್ತ ಊರು ನಮ್ಮಲ್ಲಿಯೂ ಒಂದಿದೆ. ಮಳೆಯನಹಳ್ಳಿ ಎಂದಿದ್ದು, ಕೆಳದಿ ಅರಸರ ಕಾಲದಲ್ಲಿ ಮಹಾದಾನಪುರವಾಗಿ, ಹೈದರನೋ ಟಿಪ್ಪುವೋ ಇಲ್ಲಿ ಹೇರಳ ಮೃಗಗಳನ್ನು ಕಂಡ ಮೇಲೆ ಶಿಕಾರಿಪುರವಾಯಿತೆಂದು ಹಳೆಯ ಗೆಜೆಟಿಯರು ಐತಿಹ್ಯವನ್ನು ದಾಖಲಿಸಿದೆ.

ನಮ್ಮ ಕುಟುಂಬಗಳಲ್ಲಿ ಕೆನ್ಯ, ಟಾಂಜಾನಿಯಗಳಲ್ಲಿ ಸೇವೆ ಸಲ್ಲಿಸುವ ಗುರುಗಳ, ಧರ್ಮಭಗಿನಿಯರ ಬಂಧುಗಳು ಹಲವರಿದ್ದಾರೆ. ರಜೆಗೆ ಬಂದವರು ತೋರಿಸುವ ಸಿಂಹ, ಜಿರಾಫೆಗಳ ಹಾಗೂ ನಕುರು ಸರೋವರದ ರಾಜಹಂಸಗಳ ಚಿತ್ರಗಳನ್ನು ಕಂಡು ಮಕ್ಕಳು ಬೆರಗಾಗುತ್ತಾರೆ. ಆದರೆ ಅದೇ ಮಕ್ಕಳಿಗೆ ಸೊರಬ ತಾಲ್ಲೂಕಿನ ಗುಡವಿಯ ಹೆಸರೇ ತಿಳಿಯದೆಂಬುದು ನಮಗೆ ಸ್ವಲ್ಪ ನಾಚಿಕೆಯನ್ನುಂಟುಮಾಡಿತು. ಆದುದರಿಂದ ಮಳೆಗಾಲದ ಒಂದು ಭಾನುವಾರ, ಬೆಳಗಿನ ಪೂಜೆ ಮುಗಿಸಿ, ನಾಲ್ಕಾರು ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊರಟೆವು.

ಗುಡವಿ ಪಕ್ಷಿಧಾಮವು ಸೊರಬದಿಂದ ಸುಮಾರು 16 ಕಿಲೋಮೀಟರು ದೂರದಲ್ಲಿದೆ. ವಿಸ್ತೀರ್ಣ ಮುಕ್ಕಾಲು ಚದರ ಕಿಲೋಮೀಟರಿಗೂ ಕಡಿಮೆ. ಇಷ್ಟು ಕಿರಿದಾದ ಸ್ಥಳದಲ್ಲಿ ಒಂದು ಸಮೀಕ್ಷೆಯು 217 ಜಾತಿಯ ಹಕ್ಕಿಗಳನ್ನು ಲೆಕ್ಕ ಹಾಕಿದೆ. ಮಳೆಯಿಂದ ಕೆರೆ ತುಂಬಿದಾಗ ಅದರೊಳಗಿನ ಮರಗಳು ನೀರಿನಲ್ಲಿ ನಿಲ್ಲುತ್ತವೆ. ಆಗ ಬಿಳಿ ಕೆಂಬರಲುಗಳು ಬಂದಿಳಿಯುತ್ತವೆ. ಮೈಯೆಲ್ಲ ಬಿಳುಪು, ತಲೆ ಕತ್ತುಗಳು ಕಪ್ಪು, ಕುಡುಗೋಲಿನಂತೆ ಬಾಗಿದ ಕೊಕ್ಕು. ಒಂದೊಂದು ಮರದಲ್ಲಿಯೂ ಗೂಡಿಗೆ ಗೂಡು ತಾಗಿದಂತೆ ಸಂಸಾರ. ನಡುನಡುವೆ ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳು. ಕೆಳಗೆ ತಾವರೆ ಎಲೆಗಳ ಮೇಲೆ ಉದ್ದ ಬೆರಳುಗಳನ್ನು ಊರಿ ನಡೆಯುವ ದೇವನಕ್ಕಿ. ಗದ್ದಲವೆಂದರೆ ಸಂತೆಯ ಗದ್ದಲ. ವಾಸನೆಯ ವಿಷಯವನ್ನು ಸೂಕ್ಷ್ಮ ಮೂಗಿನವರಿಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದು!

ಮರದ ಬುಡದಲ್ಲಿ ನೀರಿರುವುದು ಹಕ್ಕಿಗಳಿಗೆ ಕೋಟೆಯಿದ್ದಂತೆ. ನೆಲದಿಂದ ಹತ್ತಿಬರುವ ಶತ್ರುಗಳಿಗೆ ಗೂಡು ಎಟುಕದು. ಮಳೆ ತಡವಾಗಿ ಕೆರೆ ತುಂಬದಿದ್ದರೆ ಈ ಕೋಟೆಯೂ ಇಲ್ಲ. ಮರಿಗಳ ಆಹಾರವೂ ಬಹುಮಟ್ಟಿಗೆ ಬರುವುದು ಸುತ್ತಲಿನ ಕೆರೆ, ಜೌಗು, ಭತ್ತದ ಗದ್ದೆಗಳಿಂದ. ಈ ಸೀಮೆಯಲ್ಲಿ ಅನೇಕ ಗದ್ದೆಗಳು ಮೆಕ್ಕೆಜೋಳಕ್ಕೂ ಶುಂಠಿಗೂ ತಿರುಗಿವೆ. ರೈತನನ್ನು ದೂರಿ ಫಲವಿಲ್ಲ. ಅವನಿಗೂ ಸಾಕಬೇಕಾದ ಮರಿಗಳಿವೆ. ಆದರೂ ಪಕ್ಷಿಧಾಮದ ಬೇಲಿಯೊಳಗೆ ಮಾತ್ರ ಹಕ್ಕಿಯನ್ನು ಉಳಿಸಬಹುದೆಂಬುದು ನಮಗೆ ನಂಬಲಾಗದ ಮಾತು.

ಇದೇ ತಾಲ್ಲೂಕಿನ ಇನ್ನೊಂದು ಕಾಡಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಇದೆ. ಅದು ಕ್ಯಾಸನೂರು. 1957ರಲ್ಲಿ ಇಲ್ಲಿ ಮುಸಿಯಗಳೂ ಮಂಗಗಳೂ ಸಾಲುಸಾಲಾಗಿ ಸತ್ತವು. ಹಿಂದೆಯೇ ಸೌದೆಗೆ ಹೋದವರು, ದನ ಮೇಯಿಸುವವರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳಿಗೆ ಮೊದಲು ಬಂದ ಅಂಜಿಕೆ, ಆಫ್ರಿಕದ ಹಳದಿ ಜ್ವರ ಭಾರತವನ್ನು ಹೊಕ್ಕಿತೇ ಎಂಬುದು. ಹತ್ತು ವರ್ಷ ಹಿಂದೆ, 1947ರಲ್ಲಿ, ಹಳದಿ ಜ್ವರವನ್ನೇ ಹುಡುಕುತ್ತಿದ್ದವರಿಗೆ ಉಗಾಂಡದ ಜಿಕಾ ಎಂಬ ಕಾಡಿನಲ್ಲಿ ಒಂದು ಮಂಗದ ರಕ್ತದಿಂದ ಬೇರೊಂದು ವೈರಸ್ ದೊರೆತಿತ್ತು. ಸೊರಬದಲ್ಲಿಯೂ ಹಾಗೆಯೇ ಆಯಿತು. ಇಲ್ಲಿ ಸಿಕ್ಕಿದ್ದು ಹಳದಿ ಜ್ವರವಲ್ಲ. ರಷ್ಯದ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ, ಉಣುಗುಗಳಿಂದ ಹರಡುವ ಹೊಸ ವೈರಸ್. ವಲಸೆ ಹಕ್ಕಿಗಳು ಇದನ್ನು ಉತ್ತರದಿಂದ ತಂದಿರಬಹುದೆಂಬ ಸಂಶಯವೂ ಹುಟ್ಟಿತು. ಪಕ್ಷಿತಜ್ಞ ಸಲೀಂ ಅಲಿಯವರ ಹಿರಿತನದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕಾರ್ಯ ದೊಡ್ಡದಾಗಿ ನಡೆಯಲು ಇದೂ ಒಂದು ಕಾರಣ. ಹಕ್ಕಿಗಳ ಮೇಲಿನ ಆರೋಪ ರುಜುವಾತಾಗಲಿಲ್ಲ. ಕಾಡನ್ನು ಕಡಿದು ಅಂಚಿನಲ್ಲಿ ದನಗಳನ್ನು ಮೇಯಿಸಿದ್ದರಿಂದ ಉಣುಗುಗಳು ಹೆಚ್ಚಿದುವೆಂದು ಅಲ್ಲಿ ದುಡಿದ ಡಾ. ಬೊಷೆಲ್ 1969ರಲ್ಲಿ ಬರೆದರು. ‘ಮಂಗನ ಕಾಯಿಲೆ’ಗೆ ಬಲಿಯಾಗುವವರು ಇಂದಿಗೂ ಇದ್ದಾರೆ, ಅವರಲ್ಲಿ ಹೆಚ್ಚಿನವರು ಕಾಡಿನ ಅಂಚಿನಲ್ಲಿ ದುಡಿಯುವ ಬಡವರು.

ಆಫ್ರಿಕವನ್ನು ನೆನೆದಾಗ ಇನ್ನೊಂದು ಮಾತನ್ನು ಹೇಳದಿರಲಾಗದು. ಸೊರಬದಿಂದ ಶಿರಸಿಯನ್ನು ದಾಟಿ ಮುಂದೆ ಹೋದರೆ ಯಲ್ಲಾಪುರ, ಮುಂಡಗೋಡ, ಹಳಿಯಾಳಗಳ ಕಾಡಿನಲ್ಲಿ ಸಿದ್ದಿಯರ ಹಾಡಿಗಳಿವೆ. ಪೂರ್ವ ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿಯವರು ಇವರು. ಗೋವೆಯ ಪೋರ್ಚುಗೀಸರ ಮನೆಗಳಿಂದ ತಪ್ಪಿಸಿಕೊಂಡು ಕಾಡು ಸೇರಿದವರು ಅನೇಕರು. ಹಳಿಯಾಳದ ಕಡೆ ಕಥೋಲಿಕ ಸಿದ್ದಿಯರೇ ಹಲವರಿದ್ದಾರೆ. ಜ್ಞಾನಸ್ನಾನ ಕೊಟ್ಟ ಕೈಯೇ ಸಂಕೋಲೆಯನ್ನೂ ತೊಡಿಸಿತ್ತೆಂಬ ಚರಿತ್ರೆಯನ್ನು ನಾವು ಮಕ್ಕಳಿಗೆ ಮರೆಮಾಚಲಿಲ್ಲ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಕ್ಕೆ ಸೇರಿದುದು 2003ರಲ್ಲಿ.

ಮಧ್ಯಾಹ್ನ ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಬಂದೆವು. ಪ್ರಣವೇಶ್ವರ ದೇಗುಲದೆದುರಿನ ಕಂಬದ ಸಂಸ್ಕೃತ ಶಾಸನವು 5ನೆಯ ಶತಮಾನದ್ದು. ಕವಿ ಕುಬ್ಜನ ರಚನೆ. ಓದಲು ಕಂಚಿಗೆ ಹೋದ ಮಯೂರಶರ್ಮ, ಪಲ್ಲವ ಕುದುರೆ ಸವಾರನೊಡನೆ ಜಗಳವಾಗಿ ಕತ್ತಿ ಹಿಡಿದು ಕದಂಬ ರಾಜ್ಯವನ್ನು ಕಟ್ಟಿದ ಕಥೆ ಅದರಲ್ಲಿದೆ. ಇಲ್ಲಿಯೇ 2013ರ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನ ಶಾಸನವು ಹಲ್ಮಿಡಿಗಿಂತಲೂ ಹಳೆಯದೆಂದು ವಿದ್ವಾಂಸರ ಅಭಿಪ್ರಾಯ.

ಸಮೀಪದ ಬಳ್ಳಿಗಾವೆಯಲ್ಲಿ ಎಲ್ಲರೂ ಕೇದಾರೇಶ್ವರದ ಶಿಲ್ಪವನ್ನು ನೋಡುತ್ತಾರೆ, ನಾವೂ ನೋಡಿದೆವು. ಆದರೆ ನಮ್ಮನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು 1162ರ ಶಾಸನವೊಂದರ ವಿಷಯ. ಇಲ್ಲಿದ್ದ ಕೋಡಿಯಮಠವು ವೇದಗಳ ಜತೆಗೆ ಜೈನ, ಬೌದ್ಧ ಗ್ರಂಥಗಳನ್ನೂ ಓದಿಸುತ್ತಿತ್ತು. ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ನೀಡುತ್ತಿತ್ತು. ಅನಾಥ ರೋಗಿಗಳಿಗೆ ಔಷಧೋಪಚಾರ ನಡೆಸುತ್ತಿತ್ತು. ಶಾಲೆ, ಅನ್ನ, ಆಸ್ಪತ್ರೆ ಮೂರೂ ಒಂದೇ ಆವರಣದಲ್ಲಿ! ನಮ್ಮೊಡನಿದ್ದ ದಾದಿಯೊಬ್ಬರು ಆ ವಿವರವನ್ನು ಎರಡು ಬಾರಿ ಕೇಳಿ ತಿಳಿದುಕೊಂಡರು.

ಹೋಗಬಯಸುವವರು ಜೂನ್‌ನಿಂದ ನವೆಂಬರ್‌ವರೆಗಿನ ದಿನಗಳನ್ನು ಆರಿಸಿಕೊಳ್ಳಲಿ. ಮಂಗನ ಕಾಯಿಲೆ ಹೆಚ್ಚಾಗಿ ಕಾಣಿಸುವುದು ಡಿಸೆಂಬರಿನ ನಂತರ, ಬೇಸಿಗೆ ಮುಗಿಯುವವರೆಗೆ. ಆಗ ಕಾಡಿನೊಳಗೆ ಅಲೆಯದಿರುವುದು ಲೇಸು. ದುರ್ಬೀನೊಂದಿದ್ದರೆ ಮರೆಯದೆ ಒಯ್ಯಿರಿ.