ಮನೆಯ ಗೋಡೆಯ ಬದಿಗೊಂದು ನಿಲುವು ಕೈತೋಟ

ಎಕರೆಗಟ್ಟಲೆ ತೋಟವಿರುವ ನಮಗೆ ಗೋಡೆಯ ಮೇಲೆ ಸೊಪ್ಪು ಬೆಳೆಯುವ ಅಗತ್ಯವೇನು ಎಂದು ಸದಸ್ಯರು ಕೇಳಬಹುದು. ಪೇಟೆಯವರಿಗೆ ಇರುವುದು ಜಾಗದ ಅಭಾವ. ನಮ್ಮ ತೊಂದರೆ ಬೇರೆಯದು, ಅದು ಮಳೆ. ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹಿತ್ತಲಿನ ಮಡಿಗಳಲ್ಲಿ ನೀರು ನಿಲ್ಲುತ್ತದೆ, ಎಳೆ ಸಸಿಗಳ ಬುಡ ಕೊಳೆಯುತ್ತದೆ, ಉಳಿದುದನ್ನು ಬಸವನಹುಳು ತಿನ್ನುತ್ತದೆ. ಹೀಗಾಗಿ ನೆಲವುಳ್ಳ ಬೆಳೆಗಾರನೇ ಮಳೆಗಾಲದಲ್ಲಿ ಸಂತೆಯ ಬಾಡಿದ ಸೊಪ್ಪಿಗೆ ಹಣ ತೆರುತ್ತಾನೆ. ಸೂರಿನ ಕೆಳಗೆ, ನೆಲದಿಂದ ಮೇಲೆ, ನೀರು ನಿಲ್ಲದ ಹಾಗೆ ಗಿಡ ಬೆಳೆಸಿದರೆ ಈ ತೊಂದರೆಯನ್ನು ಬಹುಮಟ್ಟಿಗೆ ನಿವಾರಿಸಬಹುದು.

ಈ ಪದ್ಧತಿಗೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಸ್ಟ್ಯಾನ್ಲಿ ಹಾರ್ಟ್ ವೈಟ್ ಅವರು 1938ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಮುಂದೆ ಇದನ್ನು ಜಗತ್ತಿನಲ್ಲೆಲ್ಲ ಪ್ರಸಿದ್ಧಿಗೆ ತಂದವರು ಫ್ರಾನ್ಸಿನ ಸಸ್ಯವಿಜ್ಞಾನಿ ಪ್ಯಾಟ್ರಿಕ್ ಬ್ಲಾಂಕ್. ಉಷ್ಣವಲಯದ ಕಾಡುಗಳಲ್ಲಿ ಬಂಡೆ ಮತ್ತು ಮರಗಳ ಮೇಲೆ ಮಣ್ಣಿಲ್ಲದೆ ಬೆಳೆಯುವ ಗಿಡಗಳನ್ನು ನೋಡಿ ಅವರು ಪಾಠ ಕಲಿತರು. ನಮಗಾದರೋ ಇದು ಕಣ್ಣೆದುರಿನ ಸಂಗತಿ. ಹಲಸಿನ ಮರದ ಮೇಲಿನ ಸೀತಾಳೆದಂಡೆ, ಕವಲಿನಲ್ಲಿ ಹುಟ್ಟುವ ಮರಕೆಸು, ಅಡಿಕೆಗೆ ಹಬ್ಬಿದ ಮೆಣಸು, ವೀಳ್ಯದೆಲೆ ಇವೆಲ್ಲ ನಿಲುವು ಕೃಷಿಯೇ.

ಸ್ಥಳದ ಆಯ್ಕೆ

ಮನೆಯ ಪೂರ್ವದ ಬದಿ ಎಲ್ಲಕ್ಕಿಂತ ಉತ್ತಮ. ಬೆಳಗಿನ ಬಿಸಿಲು ಸಿಗುತ್ತದೆ, ನೈಋತ್ಯ ಮಳೆಯ ಎರಚಲು ತಟ್ಟುವುದಿಲ್ಲ. ಪಶ್ಚಿಮದ ಗೋಡೆಗೆ ಮಳೆಗಾಲದಲ್ಲಿ ಎರಚಲು, ಮಾರ್ಚ್-ಏಪ್ರಿಲ್‌ನಲ್ಲಿ ಸುಡುವ ಬಿಸಿಲು, ಎರಡೂ ಕಾಟ. ದಿನಕ್ಕೆ ಮೂರು ನಾಲ್ಕು ತಾಸಾದರೂ ಬೆಳಕು ಬೀಳದ ಕಡೆ ಸೊಪ್ಪು ಸಣಕಲಾಗಿ ಉದ್ದ ಬೆಳೆಯುತ್ತದೆಯೇ ಹೊರತು ಎಲೆ ತುಂಬುವುದಿಲ್ಲ.

ಗೋಡೆಗೆ ಯಾವುದನ್ನೂ ತಾಗಿಸಬಾರದು. ನಮ್ಮಲ್ಲಿ ಹಲವರ ಮನೆಗಳು ಮಣ್ಣಿನ ಅಥವಾ ಜಂಬಿಟ್ಟಿಗೆಯ ಗೋಡೆಯವು. ಒದ್ದೆ ಮಣ್ಣು ತಾಗಿದ ಗೋಡೆ ಸದಾ ತೇವ ಹೀರುತ್ತದೆ, ಗೆದ್ದಲಿಗೂ ದಾರಿಯಾಗುತ್ತದೆ. ಆದುದರಿಂದ ಚೌಕಟ್ಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ, ಕಲ್ಲಿನ ಮೇಲೆ ನಿಲ್ಲಿಸಬೇಕು. ಮೇಲಿನ ತುದಿಯನ್ನು ಮಾತ್ರ ಸೂರಿನ ಪಕಾಸಿಗೆ ಕಟ್ಟಿದರೆ ಸಾಕು.

ಚೌಕಟ್ಟು ಮತ್ತು ಮಣ್ಣು

ಅಂಗಡಿಯ ಪ್ಲಾಸ್ಟಿಕ್ ಸಾಮಾನು ಬೇಕಿಲ್ಲ. ಬಿದ್ದ ಅಡಿಕೆ ಮರವೊಂದು ಸಾಕು. 6 ಅಡಿ ಎತ್ತರದ ಎರಡು ಕಂಬ ನಿಲ್ಲಿಸಿ, ಒಂದೂಕಾಲು ಅಡಿ ಅಂತರದಲ್ಲಿ 4 ಅಡಿ ಉದ್ದದ ನಾಲ್ಕು ದಂಬೆಗಳನ್ನು ಅಡ್ಡಲಾಗಿ ಕೂರಿಸಿರಿ. ದಂಬೆಯ ತಿರುಳನ್ನು ಪೂರ್ತಿ ತೆಗೆದು, ಎರಡೂ ತುದಿಗಳನ್ನು ಹಲಗೆಯಿಂದ ಮುಚ್ಚಿ, ತಳದಲ್ಲಿ ಅರ್ಧ ಅಡಿಗೊಂದರಂತೆ ತೂತು ಕೊರೆಯಬೇಕು. ತೂತಿನ ಮೇಲೆ ತೆಂಗಿನ ನಾರು ಹಾಸಿದರೆ ಮಣ್ಣು ಜಾರುವುದಿಲ್ಲ. ದಂಬೆ ಕುಂಬಾದಾಗ ಬದಲಿಸುವುದು ಸುಲಭ, ಖರ್ಚೂ ಇಲ್ಲ.

ಒಳಗೆ ನಾಲ್ಕಂಗುಲ ಅಗಲವಿರುವ ದಂಬೆಯೊಂದು ಸುಮಾರು 5 ಲೀಟರ್ ಮಿಶ್ರಣ ಹಿಡಿಯುತ್ತದೆ, ನಾಲ್ಕಕ್ಕೆ 20 ಲೀಟರ್. ಬರಿಯ ಮಣ್ಣು ತುಂಬಿದರೆ ನೀರು ಕುಡಿದಾಗ ಅದರ ಭಾರ 30 ಕಿಲೋ ಮೀರುತ್ತದೆ, ಗಟ್ಟಿಯೂ ಆಗುತ್ತದೆ. ಕಳಿತ ತೆಂಗಿನ ನಾರಿನ ಹುಡಿ ಅಥವಾ ಕಾಫಿ ಸಿಪ್ಪೆಯ ಗೊಬ್ಬರ ಎರಡು ಬುಟ್ಟಿ, ಕಾಡಿನ ಮೇಲ್ಮಣ್ಣು ಒಂದು ಬುಟ್ಟಿ, ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ ಒಂದು ಬುಟ್ಟಿ, ಎರಡು ಹಿಡಿ ಬೇವಿನ ಹಿಂಡಿ, ಈ ಮಿಶ್ರಣ ಹಗುರ. ಹಸಿ ನಾರಿನ ಹುಡಿಯನ್ನು ನೇರವಾಗಿ ಬಳಸಬಾರದು. ಅದರಲ್ಲಿ ಸಾರಜನಕಕ್ಕಿಂತ ಇಂಗಾಲ ನೂರು ಪಟ್ಟಿಗೂ ಹೆಚ್ಚು. ಅದು ಕಳಿಯುವಾಗ ಗಿಡಕ್ಕೆ ಸಲ್ಲಬೇಕಾದ ಸಾರಜನಕವನ್ನೇ ಕಸಿದುಕೊಂಡು ಎಲೆ ಹಳದಿಯಾಗುತ್ತದೆ.

ಯಾವ ಗಿಡ, ಯಾವ ಸಾಲಿಗೆ

ನೀರು ಮೇಲಿನಿಂದ ಕೆಳಗೆ ಇಳಿಯುತ್ತದೆ. ಮೇಲಿನ ಸಾಲು ಬೇಗ ಒಣಗುತ್ತದೆ, ಕೆಳಗಿನದು ಸದಾ ತೇವ. ಗಿಡಗಳನ್ನೂ ಹಾಗೆಯೇ ಹಂಚಬೇಕು. ಮೇಲೆ ದೊಡ್ಡಪತ್ರೆ, ನಡುವಿನ ಎರಡು ಸಾಲುಗಳಲ್ಲಿ ಹರಿವೆ, ಕೆಳಗೆ ಒಂದೆಲಗ ಮತ್ತು ಪುದೀನ. ಬೇರು ಆಳಕ್ಕೆ ಇಳಿಯುವ ಬಸಳೆ, ತೊಂಡೆಗಳಿಗೆ ದಂಬೆ ಸಾಲದು. ಅವನ್ನು ಬುಡದಲ್ಲಿ ಏರಿಸಿದ ಮಣ್ಣಿನಲ್ಲಿ ನೆಟ್ಟು ಬದಿಯ ಕಂಬಕ್ಕೆ ಹಬ್ಬಿಸಬೇಕು. ಮೆಂತೆ, ಕೊತ್ತಂಬರಿಗಳನ್ನು ಮಳೆಗಾಲದಲ್ಲಿ ಹಾಕಿ ಬೀಜ ಕಳೆದುಕೊಳ್ಳಬೇಡಿರಿ. ಅವುಗಳಿಗೆ ದೀಪಾವಳಿಯ ನಂತರದ ಒಣ ಹವೆಯೇ ಹಿತ.

ಪಕ್ಕದಲ್ಲಿ ಎರಡು ಕುಂಡ ಪೊದೆ ಮೆಣಸು ಇಡಬಹುದು. ಮೆಣಸಿನ ಬಳ್ಳಿಯಲ್ಲಿ ಮೇಲೇರುವ ಕುಡಿ ಬೇರೆ, ಅಡ್ಡಲಾಗಿ ಹೊರಟು ಗೆರೆ ಬಿಡುವ ರೆಂಬೆ ಬೇರೆ. ಅಡ್ಡ ರೆಂಬೆಯಿಂದ ಮಾಡಿದ ಗಿಡ ಹಬ್ಬುವುದಿಲ್ಲ, ಪೊದೆಯಾಗಿ ನಿಂತು ಕುಂಡದಲ್ಲಿಯೇ ಕಾಯಿ ಕೊಡುತ್ತದೆ. ಇಂತಹ ರೆಂಬೆ ಬೇರು ಬಿಡುವುದು ಕಡಿಮೆ, ಆದ್ದರಿಂದ ಹೆಚ್ಚು ತುಂಡುಗಳನ್ನು ನೆಡಬೇಕು.

ಮರಕೆಸುವಿಗೆ ಚೌಕಟ್ಟೇ ಬೇಡ. ಮೇ ಕೊನೆಯಲ್ಲಿ ಗಡ್ಡೆಯನ್ನು ಪಾಚಿ ಮತ್ತು ತೆಂಗಿನ ಸಿಪ್ಪೆಯೊಡನೆ ಮರದ ಕವಲಿಗೆ ಕಟ್ಟಿದರೆ ಆಟಿಯ ಪತ್ರೊಡೆಗೆ ಎಲೆ ಸಿದ್ಧ. ಮಳೆ ಮುಗಿದ ಮೇಲೆ ಎಲೆ ಸಾಯುತ್ತದೆ. ಗಡ್ಡೆ ಉಳಿದು ಮರುವರ್ಷ ಚಿಗುರುತ್ತದೆ.

ದಿನದ ಆರೈಕೆ

ಬೇಸಿಗೆಯಲ್ಲಿ ಬೆಳಿಗ್ಗೆ, ಸಂಜೆ ಎರಡು ಹೊತ್ತು ನೀರು ಬೇಕು. ಸಾಬೂನು ಸೇರದ ಅಡಿಗೆಮನೆಯ ತೊಳೆದ ನೀರು ಆದೀತು. ಮಣ್ಣು ಅಲ್ಪವಾದುದರಿಂದ ಸಾರವೂ ಬೇಗ ಮುಗಿಯುತ್ತದೆ. ಹದಿನೈದು ದಿನಗಳಿಗೊಮ್ಮೆ ಒಂದು ಪಾಲು ಗೋಮೂತ್ರಕ್ಕೆ ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹಾಕಿರಿ. ಒಂದು ಬೆಳೆ ತೆಗೆದ ಮೇಲೆ ಮೇಲುಮಣ್ಣನ್ನು ಹೊಸ ಗೊಬ್ಬರದೊಡನೆ ಕಲಸಬೇಕು.

ಅವಶ್ಯವಾಗಿ ಗಮನಿಸಬೇಕಾದ ಮೂರು ಸಂಗತಿಗಳು

1. ಔಷಧಿಯ ಖಾಲಿ ಡಬ್ಬಗಳಲ್ಲಿ ಗಿಡ ನೆಡಕೂಡದು. ಕೀಟನಾಶಕ, ಕಳೆನಾಶಕಗಳ ಕ್ಯಾನುಗಳು ಗಟ್ಟಿಯಾಗಿರುತ್ತವೆ, ಪುಕ್ಕಟೆಯಾಗಿ ಸಿಗುತ್ತವೆ, ಕತ್ತರಿಸಿದರೆ ಒಳ್ಳೆಯ ಕುಂಡವೆನಿಸುತ್ತವೆ. ಆದರೆ ಎಷ್ಟು ತೊಳೆದರೂ ಅವು ತಿನ್ನುವ ಗಿಡಕ್ಕೆ ಯೋಗ್ಯವಲ್ಲ. ಅವನ್ನು ತೂತು ಮಾಡಿ, ಮತ್ತೆ ಯಾರೂ ಬಳಸದಂತೆ ವಿಲೇವಾರಿ ಮಾಡಬೇಕು. ಮಕ್ಕಳು ಕಿತ್ತು ತಿನ್ನುವ ಸೊಪ್ಪಿನ ವಿಷಯದಲ್ಲಿ ಉಳಿತಾಯದ ಯೋಚನೆ ಸಲ್ಲದು.

2. ಬೋರ್ಡೋ ದ್ರಾವಣ ಸೊಪ್ಪಿನ ಮೇಲೆ ಬೀಳಬಾರದು. ಕೊಳೆರೋಗಕ್ಕೆ ನಾವು 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೆರೆಸಿ ಮಳೆ ಹಿಡಿಯುವ ಮೊದಲು ಒಮ್ಮೆ, 40-45 ದಿನಗಳ ನಂತರ ಇನ್ನೊಮ್ಮೆ ಹೊಡೆಯುತ್ತೇವೆ. ಗಾಳಿಗೆ ಅದು ಅಂಗಳದವರೆಗೂ ಹಾರುತ್ತದೆ. ಸಿಂಪರಣೆಯ ದಿನ ಚೌಕಟ್ಟಿಗೆ ತಾಡಪಾಲು ಮುಚ್ಚಿರಿ. ಅಡಿಕೆ ಮರದ ಕೆಳಗೆ ಬಸಳೆ, ಮರಕೆಸು ಬೆಳೆದಿದ್ದರೆ ಹಿಂದಿನ ದಿನವೇ ಕೊಯ್ದುಕೊಳ್ಳಿರಿ. ನೀಲಿ ಕಲೆಯಾದ ಎಲೆಗಳನ್ನು ಕಿತ್ತೆಸೆದು ಹೊಸ ಚಿಗುರಿಗೆ ಕಾಯುವುದೇ ಕ್ಷೇಮ. ಕೆಲಸಕ್ಕೆ ಬರುವವರು ತೋಟದ ಸೊಪ್ಪು ಕೊಯ್ದು ಮನೆಗೆ ಒಯ್ಯುವುದುಂಟು. ಸಿಂಪರಣೆಯಾದುದನ್ನು ಅವರಿಗೂ ತಪ್ಪದೆ ತಿಳಿಸಬೇಕು.

3. ನೀರು ನಿಲ್ಲಬಾರದು. ಕುಂಡದ ತಟ್ಟೆಯಲ್ಲಿ, ಅಂಗಳದಲ್ಲಿ ಬಿದ್ದ ಹಾಳೆಯಲ್ಲಿ ನಿಂತ ಒಂದು ಬೊಗಸೆ ನೀರು ಡೆಂಗಿ ಹರಡುವ ಸೊಳ್ಳೆಗೆ ಸಾಕು. ವಾರಕ್ಕೊಮ್ಮೆಯಾದರೂ ಇವನ್ನೆಲ್ಲ ಬೋರಲು ಹಾಕಿ ಒಣಗಿಸಬೇಕು.

ಇಷ್ಟರಿಂದ ಮನೆಯ ತರಕಾರಿಯೆಲ್ಲ ಪೂರೈಸುತ್ತದೆಂದು ಹೇಳಲಾರೆ. ಮಳೆ ಬಿಡದ ದಿನ ಮನೆಯ ಹೆಣ್ಣುಮಕ್ಕಳು ಜಾರುವ ಹಿತ್ತಲಿಗೆ ಇಳಿಯದೆ ಜಗಲಿಯ ಬದಿಯಲ್ಲಿಯೇ ಒಂದು ಸಾರಿಗೋ ತಂಬುಳಿಗೋ ಬೇಕಾದಷ್ಟು ಸೊಪ್ಪು ಕೊಯ್ಯುವಂತಾದರೆ ಶ್ರಮ ಸಾರ್ಥಕ. ಏಪ್ರಿಲ್ ತಿಂಗಳಲ್ಲಿ ದಂಬೆ ಕಡಿದು ಒಣಗಿಸಿ, ಮೇ ಮೊದಲ ವಾರ ಮಣ್ಣು ತುಂಬಿ, ಮೊದಲ ಮಳೆ ಬೀಳುವ ಹೊತ್ತಿಗೆ ಸಸಿ ಬೇರೂರಿರುವಂತೆ ನೋಡಿಕೊಳ್ಳಿರಿ. ಮೊದಲ ವರ್ಷ ಒಂದೇ ಚೌಕಟ್ಟು ಸಾಕು.