ಚಾರ್ಜ್ ಮಾಡುವ ಸೆಲ್ಲು: ಯಾವುದು, ಎಲ್ಲಿ, ಎಷ್ಟಕ್ಕೆ?



ಊರಿನಿಂದ ಬಂದ ಅಜ್ಜಿ ರಾತ್ರಿ ಹೊತ್ತು ‘ಬ್ಯಾಟರಿ ಎಲ್ಲಿಟ್ಟಿದ್ದೀಯಪ್ಪಾ?’ ಎಂದು ಕೇಳಿದರೆ ಪೆನ್ಸಿಲ್ ಸೆಲ್ಲು ತಂದುಕೊಟ್ಟು ಬೈಸಿಕೊಳ್ಳಬೇಡಿ. ನಮ್ಮ ಕಡೆ ಬ್ಯಾಟರಿ ಎಂದರೆ ಟಾರ್ಚು. ಅದರೊಳಗೆ ಹಾಕುವುದು ಸೆಲ್ಲು; ಹಳ್ಳಿಯ ಬಾಯಲ್ಲಿ ಶೆಲ್ಲು. ಸೋತ ಸೆಲ್ಲನ್ನು ಬಿಸಿಲಿಗಿಟ್ಟು ಮತ್ತೆರಡು ದಿನ ದುಡಿಸಿಕೊಳ್ಳುವ ವಿದ್ಯೆಯೂ ನಿಮ್ಮ ಮನೆಯ ಹಿರಿಯರಿಗೆ ಚೆನ್ನಾಗಿ ಗೊತ್ತು, ಕೇಳಿ ನೋಡಿ. ಬಿಸಿಲಿನಿಂದ ಸೆಲ್ಲು ಚಾರ್ಜ್ ಆಗುವುದಿಲ್ಲ. ಒಳಗಿನ ರಾಸಾಯನಿಕ ಕ್ರಿಯೆ ಬಿಸಿಗೆ ತುಸು ಚುರುಕಾಗಿ, ಅಳಿದುಳಿದ ಶಕ್ತಿ ಹೊರಗೆ ಬರುತ್ತದೆ, ಅಷ್ಟೇ. ಆದರೆ ಕೊಂಡದ್ದನ್ನು ಪೂರ್ತಿ ದುಡಿಸಿಕೊಳ್ಳದೆ ಎಸೆಯಲು ಮನಸ್ಸು ಬಾರದ ಆ ಬುದ್ಧಿ ಇದೆಯಲ್ಲ, ಅದು ಬಿಡುವಂಥದ್ದಲ್ಲ. ಅದಕ್ಕೆ ತಕ್ಕ ಸಾಧನ ಈಗ ಇದೆ: ನೂರಾರು ಸಲ ಚಾರ್ಜ್ ಮಾಡಬಹುದಾದ ಸೆಲ್ಲು. ತೊಡಕು ಒಂದೇ. ಅಂಗಡಿಗೆ ಹೋಗಿ ಕೇಳಿದರೆ ಅದು ಸುಲಭವಾಗಿ ಸಿಗುವುದಿಲ್ಲ. ಸಿಕ್ಕರೆ ಬೆಲೆ ಕೇಳಿ ಕೈ ಹಿಂದಕ್ಕೆ ಬರುತ್ತದೆ.

ಮನೆಯಲ್ಲಿ ಇಂಥ ಖರೀದಿಯನ್ನೆಲ್ಲ ಹೇಗೂ ನಿಮ್ಮ ತಲೆಗೇ ಕಟ್ಟಿರುತ್ತಾರೆ. ‘ನಿನಗೇ ಗೊತ್ತಲ್ಲ, ನೀನೇ ತಗೊಂಡು ಬಾ’ ಎಂಬ ಮಾತು ಕೇಳದ ಮಗ, ಮಗಳು ಯಾರಿದ್ದಾರೆ? ಆದ್ದರಿಂದ ಈ ಲೇಖನ ನಿಮಗೇ.

ಮೊದಲು ಅಂಗಡಿಗೆ ಹೋಗಬೇಡಿ. ಮನೆಯನ್ನು ಒಂದು ಸುತ್ತು ಹಾಕಿ. ಗೋಡೆ ಗಡಿಯಾರ ವರ್ಷಕ್ಕೊಂದು ಸೆಲ್ಲು ತಿನ್ನುತ್ತದೆ. ಸಾಮಾನ್ಯ ಸೆಲ್ಲಿಗೆ 20 ರೂಪಾಯಿ, ಚಾರ್ಜ್ ಮಾಡುವಂಥದ್ದಕ್ಕೆ 250 ಎಂದಿಟ್ಟುಕೊಳ್ಳಿ. ಆ ಹಣ ಮರಳಲು ಹನ್ನೆರಡು ವರ್ಷಕ್ಕೂ ಮೇಲೆ ಬೇಕು. ಅಷ್ಟರಲ್ಲಿ ಆ ಸೆಲ್ಲೇ ಮುದಿಯಾಗಿರುತ್ತದೆ. ಟಿವಿ ರಿಮೋಟಿನದ್ದೂ ಹೆಚ್ಚುಕಡಿಮೆ ಇದೇ ಕತೆ. ಇವಕ್ಕೆ ಕಿರಾಣಿ ಅಂಗಡಿಯ ಕೆಂಪು ಸೆಲ್ಲೇ ಸಾಕು, ಸಂಕೋಚ ಬೇಡ. ಎಲ್ಲಕ್ಕೂ ಚಾರ್ಜ್ ಸೆಲ್ಲೇ ಹಾಕುತ್ತೇನೆ ಎಂದು ಹೊರಡುವವರು ಹಣವನ್ನೂ ಉತ್ಸಾಹವನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಾರೆ.

ಈಗ ತಮ್ಮನ ಆಟದ ಕಾರು, ವಿಡಿಯೋ ಗೇಮಿನ ಹಿಡಿಕೆ, ಕಂಪ್ಯೂಟರಿನ ಮೌಸು, ಕ್ಯಾಮೆರಾದ ಫ್ಲ್ಯಾಶ್, ದಿನವಿಡೀ ಹಾಡುವ ಟ್ರಾನ್ಸಿಸ್ಟರ್ ನೋಡಿ. ತಿಂಗಳಿಗೆ ನಾಲ್ಕು ಆಲ್ಕಲೈನ್ ಸೆಲ್ಲು ನುಂಗುವ ಆಟಿಕೆ ಒಂದಿದ್ದರೆ, ಸೆಲ್ಲಿಗೆ 40ರಂತೆ ತಿಂಗಳಿಗೆ 160 ರೂಪಾಯಿ. ನಾಲ್ಕು ಚಾರ್ಜ್ ಸೆಲ್ಲಿಗೆ 1000, ಚಾರ್ಜರಿಗೆ 800 ಕೊಟ್ಟರೂ ವರ್ಷ ತುಂಬುವುದರೊಳಗೆ ಲೆಕ್ಕ ಚುಕ್ತಾ. ವಿದ್ಯುತ್ತಿನ ಖರ್ಚು ಲೆಕ್ಕಕ್ಕೇ ಇಲ್ಲ. ಒಂದು ಸೆಲ್ಲು ತುಂಬಲು, ನಷ್ಟವನ್ನೂ ಸೇರಿಸಿ 5 ವಾಟ್-ಅವರ್ ಎಂದುಕೊಂಡರೂ, ಒಂದು ಯೂನಿಟ್ಟಿನಲ್ಲಿ 200 ಸಲ ತುಂಬಬಹುದು.

ನಮ್ಮ ಸಂಘದ ಮಾತೂ ಇದೆ. ನಾಟಕದ ನಡುವೆ ಕಾರ್ಡ್‌ಲೆಸ್ ಮೈಕು ಸತ್ತು, ಕರ್ಣನ ಮಾತು ಮೊದಲ ಸಾಲಿನವರಿಗಷ್ಟೇ ಕೇಳಿಸುವ ಪ್ರಸಂಗ ಹೊರನಾಡಿನ ರಾಜ್ಯೋತ್ಸವಗಳಲ್ಲಿ ಹೊಸದೇನಲ್ಲ. ಆರು ತಿಂಗಳು ತಾಲೀಮು ಮಾಡಿದ ಹುಡುಗನ ಮುಖ ಆಗ ನೋಡಬೇಕು! ಆ ಭಯಕ್ಕೇ ಕಾರ್ಯಕ್ರಮಕ್ಕೊಮ್ಮೆ ಹೊಸ ಸೆಲ್ಲು ತರಿಸಿ, ಅರ್ಧ ಉಪಯೋಗಿಸಿ, ಎಲ್ಲೋ ಹಾಕಿಬಿಡುತ್ತೇವೆ. ಇಂಥ ಮೈಕುಗಳಲ್ಲಿ ಅನೇಕವು ಎರಡು ಪೆನ್ಸಿಲ್ ಸೆಲ್ಲು ಬೇಡುವಂಥವು. ನಾಲ್ಕು ಮೈಕಿದ್ದರೆ ಎಂಟು. ಹಿಂದಿನ ರಾತ್ರಿ ತುಂಬಿಟ್ಟ ಒಳ್ಳೆಯ ಚಾರ್ಜ್ ಸೆಲ್ಲು ಸಂಜೆಯ ಕಾರ್ಯಕ್ರಮವನ್ನು ಸಾಮಾನ್ಯವಾಗಿ ದಡ ಮುಟ್ಟಿಸುತ್ತದೆ. ಮೈಕಿನ ಮೇಲಿನ ಸೂಚಕ ಮಾತ್ರ ಮೊದಲಿಗೇ ‘ಅರ್ಧ’ ಎಂದು ತೋರಿಸಬಹುದು, ಗಾಬರಿಯಾಗಬೇಡಿ. ಕಾರಣ ಮುಂದೆ ಹೇಳುತ್ತೇನೆ. ಜೊತೆಗೆ ಒಂದು ಜೋಡಿ ಸಾಮಾನ್ಯ ಸೆಲ್ಲು ಜೇಬಿನಲ್ಲಿರಲಿ. ರಂಗದ ಮೇಲೆ ಪ್ರಯೋಗ ಬೇಡ.

ಚಾರ್ಜ್ ಸೆಲ್ಲುಗಳಲ್ಲಿ ನಿಮ್ಮ ತಂದೆಯವರ ವಾಕ್‌ಮನ್ ಕಾಲದ್ದು ನಿಕಲ್-ಕ್ಯಾಡ್ಮಿಯಂ. ಕ್ಯಾಡ್ಮಿಯಂ ವಿಷ, ಯುರೋಪಿನಲ್ಲಿ ಅದಕ್ಕೆ 2006ರ ಕಾನೂನಿನಿಂದಲೇ ಕಡಿವಾಣ ಬಿದ್ದಿತು. ಆಮೇಲೆ ಬಂದದ್ದು ನಿಕಲ್ ಮೆಟಲ್ ಹೈಡ್ರೈಡ್. ಆದರೆ ಆರಂಭದ ಅಂಥ ಸೆಲ್ಲುಗಳಿಗೆ ಒಂದು ದುರ್ಗುಣವಿತ್ತು. ಉಪಯೋಗಿಸದೆ ಸುಮ್ಮನಿಟ್ಟರೂ ಕೆಲವು ವಾರಗಳಲ್ಲಿ ತಾವೇ ಖಾಲಿಯಾಗುತ್ತಿದ್ದವು. ‘ಚಾರ್ಜ್ ಸೆಲ್ಲು ಬೇಡಪ್ಪ, ಬೇಕಾದಾಗ ಕೈಕೊಡುತ್ತೆ’ ಎಂದು ಹಿರಿಯರು ಹೇಳಿದರೆ ಅದು ಆ ಕಾಲದ ಅನುಭವ. 2005ರಲ್ಲಿ ಜಪಾನಿನ ಸ್ಯಾನ್ಯೋ ಕಂಪನಿ ಎನಲೂಪ್ ಎಂಬ ಹೆಸರಿನಲ್ಲಿ ಈ ಸೋರಿಕೆಯನ್ನು ಬಹುಮಟ್ಟಿಗೆ ತಡೆದ ಸೆಲ್ಲನ್ನು ಹೊರತಂದಿತು. ಈಗ ಅದು ಪ್ಯಾನಾಸೋನಿಕ್ ಹೆಸರಿನಲ್ಲಿದೆ. ವರ್ಷ ಕಳೆದರೂ ತುಂಬಿದ ಶಕ್ತಿಯ ಬಹುಪಾಲು ಉಳಿಯುತ್ತದೆ. ಬೇರೆ ಕಂಪನಿಗಳೂ ಇದೇ ಜಾತಿಯ ಸೆಲ್ಲು ಮಾಡುತ್ತವೆ. ಪೊಟ್ಟಣದ ಮೇಲೆ ‘ಪ್ರೀ-ಚಾರ್ಜ್ಡ್’ ಅಥವಾ ‘ರೆಡಿ ಟು ಯೂಸ್’ ಎಂದಿದ್ದರೆ ಸಾಮಾನ್ಯವಾಗಿ ಅದೇ ಜಾತಿ. ಮನೆಗೆ ಬೇಕಾದದ್ದು ಇದು.

ಪೊಟ್ಟಣದ ಮೇಲೆ 1.2 ವೋಲ್ಟ್ ಎಂದು ನೋಡಿ ‘ಇದು ಕಡಿಮೆಯಾಯಿತಲ್ಲ, ನಮಗೆ 1.5 ಬೇಕು’ ಎಂದು ವಾಪಸಾಗುವವರಿದ್ದಾರೆ. ಸಾಮಾನ್ಯ ಸೆಲ್ಲು 1.5ರಿಂದ ಹೊರಟು ದಿನದಿನಕ್ಕೆ ಇಳಿಯುತ್ತ ಹೋಗುತ್ತದೆ. ಇದು 1.2ರ ಆಸುಪಾಸಿನಲ್ಲೇ ಕೊನೆಯವರೆಗೆ ನಿಂತು, ಆಮೇಲೆ ಒಮ್ಮೆಲೇ ಬೀಳುತ್ತದೆ. ಹೆಚ್ಚಿನ ಉಪಕರಣಗಳಿಗೆ ಇದರಿಂದ ತೊಂದರೆಯಿಲ್ಲ. ಮೈಕಿನ ಸೂಚಕ ಮೋಸಹೋಗುವುದೂ ಇದೇ ಕಾರಣಕ್ಕೆ. ಅಪ್ಪನ ಬಿಪಿ ಯಂತ್ರದಂಥ ವಸ್ತುವಿಗೆ ಮಾತ್ರ ಅದರ ಜೊತೆ ಬಂದ ಪುಸ್ತಿಕೆ ನೋಡಿ, ಚಾರ್ಜ್ ಸೆಲ್ಲು ಬೇಡ ಎಂದಿದ್ದರೆ ಬೇಡವೇ ಬೇಡ. ತಪ್ಪು ಅಂಕಿ ತೋರಿದರೆ ಉಳಿಸಿದ ಇಪ್ಪತ್ತು ರೂಪಾಯಿಗೆ ಏನು ಬೆಲೆ?

ಇನ್ನು ಅಂಗಡಿ. ಕಿರಾಣಿಯವನಲ್ಲಿ ಕೇಳಿದರೆ ‘ಆನ್‌ಲೈನ್ ನೋಡಿ’ ಎನ್ನುತ್ತಾನೆ. ತಪ್ಪು ಅವನದಲ್ಲ, ಕೇಳುವವರೇ ಇಲ್ಲದ ಮಾಲನ್ನು ಅವನೇಕೆ ಇಡಬೇಕು? ದೊಡ್ಡ ಮಾಲಿನ ಸೂಪರ್ ಮಾರ್ಕೆಟ್ಟಿನಲ್ಲಿ ಕ್ಯಾಶ್ ಕೌಂಟರಿನ ಪಕ್ಕ ಒಂದೆರಡು ಪೊಟ್ಟಣ ತೂಗುತ್ತಿರುತ್ತವೆ, ಧೂಳು ಹಿಡಿದು, ಪೂರ್ತಿ ಎಂಆರ್‌ಪಿಗೆ. ಹಾಗಾದರೆ ಯಾರಲ್ಲಿಗೆ ಹೋಗುವುದು? ಈ ಸೆಲ್ಲನ್ನು ಹೊಟ್ಟೆಪಾಡಿಗೆ ಕೊಳ್ಳುವವರು ಎಲ್ಲಿಗೆ ಹೋಗುತ್ತಾರೋ ಅಲ್ಲಿಗೆ. ಮದುವೆ ಫೋಟೋ ತೆಗೆಯುವವರ ಫ್ಲ್ಯಾಶಿಗೆ ಸಾಮಾನ್ಯವಾಗಿ ನಾಲ್ಕು ಪೆನ್ಸಿಲ್ ಸೆಲ್ಲು ಬೇಕು. ಒಂದು ಮುಹೂರ್ತದಲ್ಲಿ ನೂರಾರು ಸಲ ಮಿಂಚಬೇಕು. ಅವರು ಕೆಟ್ಟ ಸೆಲ್ಲು ಕೊಂಡರೆ ಮಾಂಗಲ್ಯಧಾರಣೆಯ ಚಿತ್ರ ಕತ್ತಲೆ! ಹಾಗಾಗಿ ಕ್ಯಾಮೆರಾ ಸಾಮಾನಿನ ಅಂಗಡಿಗಳಲ್ಲಿ ಒಳ್ಳೆಯ ಸೆಲ್ಲು ಇರುತ್ತದೆ, ಬೇಗ ಖರ್ಚಾಗುವುದರಿಂದ ಹಳಸಿರುವುದಿಲ್ಲ, ಚೌಕಾಸಿಗೂ ಅವಕಾಶವಿದೆ. ಎಂಆರ್‌ಪಿ ಎಂದರೆ ಅದಕ್ಕಿಂತ ಹೆಚ್ಚು ಕೇಳಬಾರದು ಎಂದರ್ಥ, ಕಡಿಮೆಗೆ ಕೊಡಬಾರದು ಎಂದಲ್ಲ.

ಮುಂಬಯಿಯವರಿಗೆ ಕೋಟೆಯ ಬೋರಾ ಬಜಾರ್ ಕ್ಯಾಮೆರಾದವರ ಬೀದಿ. ಗ್ರಾಂಟ್ ರೋಡಿನ ಲ್ಯಾಮಿಂಗ್ಟನ್ ರಸ್ತೆ ಎಲೆಕ್ಟ್ರಾನಿಕ್ಸಿಗೆ. ಪುಣೆಯಲ್ಲಿ ಬುಧವಾರ ಪೇಠೆಯ ಪಾಸೋಡ್ಯಾ ವಿಠೋಬಾ ಸುತ್ತಮುತ್ತ. ವಿಠೋಬ ಹೇಗೂ ನಮಗೆ ಬೇಕಾದವನೇ. ಚೆನ್ನೈನಲ್ಲಿ ಮೌಂಟ್ ರೋಡಿನ ಬಳಿಯ ರಿಚಿ ಸ್ಟ್ರೀಟ್, ಹೈದರಾಬಾದಿನಲ್ಲಿ ಕೋಠಿಯ ಗುಜರಾತಿ ಗಲ್ಲಿ, ದೆಹಲಿಯಲ್ಲಿ ಕೆಂಪುಕೋಟೆಯೆದುರಿನ ಲಾಜಪತ್ ರಾಯ್ ಮಾರ್ಕೆಟ್ ಮತ್ತು ಚಾಂದನಿ ಚೌಕಿನ ಕೂಚಾ ಚೌಧರಿ. ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ. ಇಂಥ ಪೇಟೆಗಳಿಗೆ ಭಾನುವಾರ ಹೋಗಿ ಬಾಗಿಲು ನೋಡಿಕೊಂಡು ಬರಬೇಡಿ. ಎರಡು ಮೂರು ಅಂಗಡಿ ಕೇಳಿ, ಆಮೇಲೆ ಜೇಬಿಗೆ ಕೈಹಾಕಿ.

ಐಕಿಯಾದ್ದು ಬೇರೆ ದಾರಿ. 2018ರಲ್ಲಿ ಹೈದರಾಬಾದಿಗೆ, 2020ರಲ್ಲಿ ನವಿ ಮುಂಬಯಿಗೆ, 2022ರಲ್ಲಿ ಬೆಂಗಳೂರಿನ ನಾಗಸಂದ್ರಕ್ಕೆ ಬಂದ ಈ ಸ್ವೀಡನ್ನಿನ ಸಂಸ್ಥೆ, ಒಮ್ಮೆ ಬಳಸಿ ಎಸೆಯುವ ಆಲ್ಕಲೈನ್ ಸೆಲ್ಲುಗಳ ಮಾರಾಟವನ್ನೇ 2021ರ ಅಕ್ಟೋಬರಿನೊಳಗೆ ನಿಲ್ಲಿಸುವುದಾಗಿ ಹೇಳಿತ್ತು. ಅವರ ಚಾರ್ಜ್ ಸೆಲ್ಲಿನ ಹೆಸರು ಲಡ್ಡಾ. ಕನ್ನಡದ ಕಿವಿಗೆ ‘ಲಡ್ಡಾಯಿತು’ ಎಂದು ಕೇಳಿ ನಗು ಬರುವುದು ಸಹಜ. ಆದರೆ ಸ್ವೀಡಿಷ್ ಭಾಷೆಯಲ್ಲಿ ಆ ಮಾತಿಗೆ ತುಂಬುವುದು, ಚಾರ್ಜ್ ಮಾಡುವುದು ಎಂಬ ಅರ್ಥ. ಹೆಸರು ನೋಡಿ ಬಿಡಬೇಡಿ, ಬೆಲೆ ನೋಡಿ ಹೋಲಿಸಿ.

ಕೈಗೆ ಪೊಟ್ಟಣ ಬಂದಮೇಲೆ ಓದಿ. ಎಚ್‌ಆರ್6 ಎಂದಿದ್ದರೆ ಚಾರ್ಜ್ ಮಾಡುವ ಪೆನ್ಸಿಲ್ ಸೆಲ್ಲು. ಎಚ್‌ಆರ್03 ಅದರ ತಮ್ಮ, ಸಣ್ಣದು. ಬರೀ ಆರ್6 ಅಥವಾ ಎಲ್‌ಆರ್6 ಎಂದಿದ್ದರೆ ಅದು ಎಸೆಯುವ ಜಾತಿ, ಚಾರ್ಜರಿಗೆ ಹಾಕಿದರೆ ಸೋರಬಹುದು, ಸಿಡಿಯಲೂಬಹುದು. ತಯಾರಾದ ತಿಂಗಳು, ವರ್ಷ ನೋಡಿ. ಆಮೇಲೆ ಎಂಎಎಚ್ ಎಂಬ ಅಂಕಿ; ಸೆಲ್ಲಿನ ಹೊಟ್ಟೆ ಎಷ್ಟು ದೊಡ್ಡದು ಎಂಬುದರ ಅಳತೆ ಅದು. ಪೆನ್ಸಿಲ್ ಸೆಲ್ಲಿಗೆ 1900-2000 ಇದ್ದರೆ ಮನೆಗೆ ಸೊಗಸು. 2500ರದ್ದೂ ಇವೆ, ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಆಯಸ್ಸು ಕಡಿಮೆ. ನಿಕಲ್ ಸೆಲ್ಲಿನ ಮೇಲೆ 3000, 4000 ಎಂದು ಬರೆದು ಅಗ್ಗಕ್ಕೆ ಮಾರುತ್ತಿದ್ದರೆ ಕೈಮುಗಿದು ಮುಂದೆ ಹೋಗಿ. ಅನುಮಾನವಿದ್ದರೆ ಅಡುಗೆಮನೆಯ ತಕ್ಕಡಿ ಇದೆ: 2000ದ ನಿಜವಾದ ಪೆನ್ಸಿಲ್ ಸೆಲ್ಲು ಸುಮಾರು 26-27 ಗ್ರಾಂ ತೂಗುತ್ತದೆ. ದಪ್ಪ ಟಾರ್ಚಿನ ದೊಡ್ಡ ಸೆಲ್ಲಿನಲ್ಲಂತೂ ಈ ಪರೀಕ್ಷೆ ಬೇಕೇ ಬೇಕು. ಕೆಲವು ದೊಡ್ಡ ಸೆಲ್ಲುಗಳೊಳಗೆ ಇರುವುದು ಪೆನ್ಸಿಲ್ ಸೆಲ್ಲೇ, ಸುತ್ತ ಬರೀ ಗಾಳಿ. ಅದರ ಬದಲು ಪೆನ್ಸಿಲ್ ಸೆಲ್ಲನ್ನು ದಪ್ಪ ಮಾಡುವ ಪ್ಲಾಸ್ಟಿಕ್ ಕವಚ ಅಗ್ಗಕ್ಕೆ ಸಿಗುತ್ತದೆ, ಆ ಗಾಳಿಗೆ ಹಣ ಕೊಡುವುದು ತಪ್ಪುತ್ತದೆ.

ಈಚೆಗೆ ಮೊಬೈಲಿನ ತಂತಿಯನ್ನೇ ಚುಚ್ಚಿ ಚಾರ್ಜ್ ಮಾಡುವ ಲಿಥಿಯಂ ಪೆನ್ಸಿಲ್ ಸೆಲ್ಲುಗಳೂ ಬಂದಿವೆ. ಪೂರ್ತಿ 1.5 ವೋಲ್ಟ್ ಕೊಡುತ್ತವೆ, ಬೇರೆ ಚಾರ್ಜರು ಬೇಡ, ಅನುಕೂಲವೇ. ಆದರೆ ಇವುಗಳ ಮೇಲೆ 3000 ಎಂದು ದೊಡ್ಡದಾಗಿಯೂ, ಪಕ್ಕದಲ್ಲಿ ಎಂಡಬ್ಲ್ಯುಎಚ್ ಎಂದು ಸಣ್ಣದಾಗಿಯೂ ಬರೆದಿರುತ್ತಾರೆ. ಇದು ಬೇರೆ ಅಳತೆ. 1.5ರಿಂದ ಭಾಗಿಸಿ: 2000 ಎಂಎಎಚ್, ಅಷ್ಟೇ. ನಿಕಲ್ಲಿನ 2000ವನ್ನು 1.2ರಿಂದ ಗುಣಿಸಿದರೆ 2400. ಅಂದರೆ ವ್ಯತ್ಯಾಸ ಇದೆ, ಆದರೆ ಅಂಕಿ ತೋರಿಸುವಷ್ಟಿಲ್ಲ. ಇನ್ನೊಂದು ಮಾತು: ಇವುಗಳೊಳಗಿನ ಪುಟ್ಟ ಸರ್ಕ್ಯೂಟು ಮೀಡಿಯಂ ವೇವ್ ರೇಡಿಯೋದಲ್ಲಿ ಗೊರಗೊರ ಎಬ್ಬಿಸಬಹುದು. ರಾತ್ರಿ ಹೊತ್ತು ಧಾರವಾಡ ಆಕಾಶವಾಣಿ ಹಿಡಿಯಲು ಕಿವಿಗೊಟ್ಟು ಕೂರುವ ತಾತ ಮನೆಯಲ್ಲಿದ್ದರೆ ಅವರ ಟ್ರಾನ್ಸಿಸ್ಟರಿಗೆ ಇದನ್ನು ಹಾಕಬೇಡಿ.

ಉಳಿತಾಯ ಮಾಡಹೋಗಿ ಜನ ಎಡವುವುದು ಚಾರ್ಜರಿನಲ್ಲಿ. ಸೆಲ್ಲಿನ ಜೊತೆ ‘ಫ್ರೀ’ ಬರುವ ಅಗ್ಗದ ಚಾರ್ಜರು ಸೆಲ್ಲುಗಳನ್ನು ಜೋಡಿಜೋಡಿಯಾಗಿ ತುಂಬುತ್ತದೆ, ತುಂಬಿದ್ದು ತಿಳಿಯದೆ ತುಂಬುತ್ತಲೇ ಇರುತ್ತದೆ. ಸೆಲ್ಲು ಬಿಸಿಯಾಗಿ ಆಯಸ್ಸು ಕಳೆದುಕೊಳ್ಳುತ್ತದೆ. ಪ್ರತಿ ಸೆಲ್ಲಿಗೂ ಪ್ರತ್ಯೇಕ ದೀಪವಿದ್ದು, ತುಂಬಿದ ಕೂಡಲೇ ತಾನೇ ನಿಲ್ಲುವಂಥದ್ದನ್ನು ಕೇಳಿ ಪಡೆಯಿರಿ. ಎಂಟು ಸಾಧಾರಣ ಸೆಲ್ಲಿಗಿಂತ ನಾಲ್ಕು ಒಳ್ಳೆಯ ಸೆಲ್ಲು ಮತ್ತು ಇಂಥದೊಂದು ಚಾರ್ಜರು ಮೇಲು. ಹೊಸತು ಹಳತು ಬೆರೆಸಬೇಡಿ. ಒಟ್ಟಿಗೆ ಕೊಂಡ ಸೆಲ್ಲುಗಳ ಮೇಲೆ ಪೆನ್ನಿನಲ್ಲಿ ತಾರೀಖು ಬರೆದಿಟ್ಟರೆ ಜೋಡಿ ತಪ್ಪುವುದಿಲ್ಲ.

ಕೊನೆಗೆ ಇವೂ ಒಂದು ದಿನ ಸಾಯುತ್ತವೆ. ನಮ್ಮ ದೇಶದ 2001ರ ಬ್ಯಾಟರಿ ನಿಯಮಗಳು ಸೀಸದ ಬ್ಯಾಟರಿಗಳಿಗೆ ಮಾತ್ರ ಅನ್ವಯಿಸುತ್ತಿದ್ದವು. 2022ರ ಹೊಸ ನಿಯಮಗಳು ಪೆನ್ಸಿಲ್ ಸೆಲ್ಲನ್ನೂ ಒಳಗೊಂಡಿವೆ. ಇದನ್ನು ಮನೆಯ ಕಸದಿಂದ ಬೇರೆಯಾಗಿ ಕೊಡಬೇಕು ಎಂಬುದು ಈಗ ಬಳಕೆದಾರನ ಮೇಲಿನ ಹೊಣೆ. ಪೊಟ್ಟಣದ ಮೇಲೆ ಗೀಟು ಹಾಕಿದ ಕಸದ ಡಬ್ಬಿಯ ಚಿತ್ರವಿರುವುದು ಅದಕ್ಕೇ. ನಿಮ್ಮ ಸೊಸೈಟಿಯಲ್ಲಿ ಇ-ತ್ಯಾಜ್ಯ ಸಂಗ್ರಹಿಸುವ ದಿನ ಇದ್ದರೆ ಅಲ್ಲಿಗೆ ಕೊಡಿ. ಇಲ್ಲವಾದರೆ ಸಂಘದ ಕಚೇರಿಯ ಬಾಗಿಲಲ್ಲಿ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಂದನ್ನಿಟ್ಟು, ತುಂಬಿದಾಗ ಅಧಿಕೃತ ಸಂಗ್ರಾಹಕರಿಗೆ ಮುಟ್ಟಿಸುವ ಕೆಲಸವನ್ನು ನಿಮ್ಮಲ್ಲಿ ಇಬ್ಬರು ವಹಿಸಿಕೊಳ್ಳಬಹುದು. ಲಿಥಿಯಂ ಸೆಲ್ಲಾದರೆ ಡಬ್ಬಿಗೆ ಹಾಕುವ ಮೊದಲು ಎರಡೂ ತುದಿಗೆ ಅಂಟುಪಟ್ಟಿ ಸುತ್ತಿ; ಒಂದಕ್ಕೊಂದು ತಾಗಿದರೆ ಬೆಂಕಿ ಹೊತ್ತಿಕೊಳ್ಳುವ ಸಂಭವವಿದೆ.