ಅಡವಿಯ ನೆರಳಿನ ಚಹ

ಚಹದ ತೋಟವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು, ಬೋಳು ಮಾಡಿದ ಗುಡ್ಡದ ಮೇಲೆ ಸಾಲಾಗಿ ಕತ್ತರಿಸಿ ನಿಲ್ಲಿಸಿದ ಗಿಡಗಳ ನೋಟ. ಅಡವಿಯನ್ನು ಕಡಿಯದೆ ಚಹವನ್ನು ಬೆಳೆಯಲಾಗದೆಂಬ ಈ ನಂಬಿಕೆಯು ವ್ಯಾಪಾರಸ್ಥರಿಂದ ಬಂದುದೇ ಹೊರತು, ಚಹವನ್ನು ಮೊದಲು ಸಾಕಿದವರಿಂದ ಬಂದುದಲ್ಲ.

ಚೀನಾ ದೇಶದ ಯುನ್ನಾನ್ ಪ್ರಾಂತದ ಜಿಂಗ್‌ಮಾಯ್ ಬೆಟ್ಟವು ಇದಕ್ಕೆ ಸಾಕ್ಷಿಯಾಗಿದೆ. ಬ್ಲಾಂಗ್ ಮತ್ತು ದಾಯ್ ಜನಾಂಗದವರು ಹತ್ತನೆಯ ಶತಮಾನದಿಂದಲೂ ಅಲ್ಲಿ ಕಾಡಿನೊಳಗೇ ಚಹವನ್ನು ಬೆಳೆಯುತ್ತ ಬಂದಿದ್ದಾರೆ. ಮೇಲೆ ಹೆಮ್ಮರಗಳು, ನಡುವೆ ಚಹದ ಮರಗಳು, ನೆಲದಲ್ಲಿ ಹುಲ್ಲು-ಮೂಲಿಕೆಗಳು. ಹೆಮ್ಮರಗಳು ಬಿಸಿಲನ್ನು ಸೋಸಿ ಕೊಡುವವು. ಉದುರಿದ ಎಲೆಯೇ ಗೊಬ್ಬರವಾಗುವುದು. ಕೀಟಗಳ ಹಾವಳಿಯನ್ನು ಹಕ್ಕಿಗಳೂ ಜೇಡಗಳೂ ನೋಡಿಕೊಳ್ಳುವವು. ತೋಟಗಳ ನಡುವೆ ಕಾಡಿನ ಪಟ್ಟಿಗಳನ್ನು ಕಡಿಯದೆ ಉಳಿಸಿರುವುದರಿಂದ ಗಾಳಿಯ ಹೊಡೆತಕ್ಕೂ ರೋಗದ ಹರಡುವಿಕೆಗೂ ತಡೆಯುಂಟು.

ಒಂದೊಂದು ತೋಟದಲ್ಲಿಯೂ ಒಂದು ಮರವನ್ನು ಚಹದ ದೇವತೆಯ ನೆಲೆಯೆಂದು ಅವರು ಪೂಜಿಸುವರು. ದನಕರುಗಳನ್ನು ಬಿಟ್ಟುಹೋದರೆ ರೋಗದಿಂದ ಸತ್ತಾವು, ಬೆಳ್ಳಿಬಂಗಾರ ಬಿಟ್ಟುಹೋದರೆ ವೆಚ್ಚವಾದೀತು, ಚಹದ ಮರಗಳಾದರೆ ಸಂತತಿಯನ್ನು ಸಲಹುವವು ಎಂದು ಮೂಲಪುರುಷನಾದ ಪಾ ಐಲೆಂಗನು ಹೇಳಿದನೆಂಬುದು ಬ್ಲಾಂಗರ ಐತಿಹ್ಯ. ಇದನ್ನು ಮೂಢನಂಬಿಕೆಯೆಂದು ನಗುವುದು ಸುಲಭ. ಆದರೆ ಕೊಡಲಿಯನ್ನು ತಡೆದ ಕಟ್ಟಳೆಯು ಇದೇ ಎಂಬುದನ್ನು ಮರೆಯಲಾಗದು.

ಕಳೆದ ಶತಮಾನದ ಉತ್ತರಾರ್ಧದಲ್ಲಿ ಯುನ್ನಾನಿನಲ್ಲಿಯೂ ಹೆಚ್ಚು ಇಳುವರಿಯ ಆಸೆಯಿಂದ ಮೆಟ್ಟಿಲು ತೋಟಗಳು ಹಬ್ಬಿದವು. ೨೦೦೭ರಲ್ಲಿ ಪೂಅರ್ ಚಹದ ಬೆಲೆಯು ಗಗನಕ್ಕೇರಿ, ಅದೇ ವರ್ಷ ನೆಲಕ್ಕೆ ಬಿದ್ದಿತು. ಪೇಟೆಯ ಈ ಏರಿಳಿತವನ್ನೂ ದಾಟಿ ಜಿಂಗ್‌ಮಾಯ್ ಉಳಿದುಬಂದಿತು. ೨೦೨೩ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಸಂಸ್ಥೆಯು ಅಲ್ಲಿಯ ಐದು ಚಹದ ಅಡವಿಗಳನ್ನೂ ಒಂಬತ್ತು ಹಳ್ಳಿಗಳನ್ನೂ ಮೂರು ತಡೆಗಾಡುಗಳನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ದೇಶದ ಕಥೆಯೋ ಬೇರೆ. ೧೮೨೩ರಲ್ಲಿ ರಾಬರ್ಟ್ ಬ್ರೂಸನಿಗೆ ಅಸ್ಸಾಮದ ಚಹದ ಗಿಡದ ಪರಿಚಯವಾದುದು ಸಿಂಗ್‌ಫೋ ಜನರಿಂದ. ಎಲೆಯನ್ನು ಹುರಿದು, ಬಿದಿರಿನ ಕೊಳವೆಯಲ್ಲಿ ತುಂಬಿ, ಒಲೆಯ ಹೊಗೆಯಲ್ಲಿ ಹದಗೊಳಿಸುವ ವಿದ್ಯೆ ಅವರದು. ಆದರೆ ಗಿಡದೊಡನೆ ಆ ಜನರ ವಿದ್ಯೆಯನ್ನು ಯಾರೂ ಕೇಳಲಿಲ್ಲ. ಕಾಡು ಕಡಿದು ತೋಟ ಹಾಕಿದ ಕಂಪನಿಗಳಿಗೆ ಕೀರ್ತಿಯೂ ಲಾಭವೂ ಸಂದವು. ಗಿಡವನ್ನು ತೋರಿಸಿದವರು ಹಿಂದುಳಿದರು.

ಹೊಗಳಿಕೆಯಿಂದ ಮಾತ್ರ ಯಾವ ವಿದ್ಯೆಯೂ ಬದುಕದು. ಅಡವಿಯ ಮರದಿಂದ ದೊರೆಯುವ ಎಲೆ ಕಡಿಮೆ. ಆ ಕೊರತೆಯನ್ನು ತುಂಬುವಷ್ಟು ನ್ಯಾಯವಾದ ಬೆಲೆಯು ಬೆಳೆಗಾರನ ಕೈಸೇರಿದರೆ ಮಾತ್ರ ಅವನ ಮಗನು ಕೊಡಲಿಯನ್ನೆತ್ತನು. ಮಣ್ಣು ಸವೆದ ಮೇಲೆ ಕಣ್ತೆರೆಯುವುದಕ್ಕಿಂತ, ಮಣ್ಣನ್ನು ಕಾದವರ ಮಾತಿಗೆ ಈಗಲೇ ಕಿವಿಗೊಡುವುದು ಲೇಸು.